ಕೆಡಿಸಿ ಕಲಿಯಿರಿ: ಐಟಿ ಸಪೋರ್ಟ್ ಕೆಲಸಕ್ಕೆ ಮನೆಯಲ್ಲೇ ತಯಾರಾಗುವ ಬಗೆ

ಐಟಿ ಎಂದರೆ ಕೋಡ್ ಬರೆಯುವವರದ್ದೇ ಎಂದುಕೊಂಡು ಬಿಕಾಂ, ಬಿಎ, ಬಿಎಸ್ಸಿ, ಡಿಪ್ಲೊಮಾ ಮುಗಿಸಿದ ಎಷ್ಟೋ ಮಂದಿ ಆ ಕಡೆ ತಲೆಯೇ ಹಾಕುವುದಿಲ್ಲ. ಆದರೆ ಸಾವಿರ ಜನ ಕೆಲಸ ಮಾಡುವ ಆಫೀಸಿನಲ್ಲಿ ದಿನವೂ ಯಾರದೋ ಅಕೌಂಟ್ ಲಾಕ್ ಆಗುತ್ತದೆ, ಯಾರಿಗೋ ಶೇರ್ಡ್ ಫೋಲ್ಡರ್ ತೆರೆಯುವುದಿಲ್ಲ, ಪ್ರಿಂಟರ್ ನಿಲ್ಲುತ್ತದೆ, ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಕೈಕೊಡುತ್ತದೆ. ಅದನ್ನೆಲ್ಲ ಸರಿಮಾಡಲು ಜನ ಬೇಕೇ ಬೇಕು. ಸರ್ವೀಸ್ ಡೆಸ್ಕ್ ಅನಲಿಸ್ಟ್, ಡೆಸ್ಕ್‌ಟಾಪ್ ಸಪೋರ್ಟ್ ಎಂಜಿನಿಯರ್, ಟೆಕ್ನಿಕಲ್ ಸಪೋರ್ಟ್ ಅಸೋಸಿಯೇಟ್, ಎಲ್1 (ಮೊದಲ ಹಂತದ) ಎಂಜಿನಿಯರ್ ಎಂದು ಜಾಹೀರಾತಿನಲ್ಲಿ ಹೆಸರು ಬೇರೆ ಬೇರೆ ಇರುತ್ತದೆ. ಶುರುವಿನ ಹಂತದಲ್ಲಿ ಕೆಲಸ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಮಾನ್ಯತಾ ಟೆಕ್ ಪಾರ್ಕ್‌ಗಳಲ್ಲಷ್ಟೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಆಸ್ಪತ್ರೆ, ಬ್ಯಾಂಕ್, ಕಾರ್ಖಾನೆಗಳಲ್ಲೂ ಈ ಕೆಲಸ ಸಿಗುತ್ತದೆ.

ಇದಕ್ಕೆ ಬೇಕಾದದ್ದನ್ನೆಲ್ಲ ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ ಕಲಿಯಬಹುದು. ದಿನಕ್ಕೆ ಎರಡು ಗಂಟೆ ತಪ್ಪದೆ ಕೂತರೆ ನಾಲ್ಕೈದು ತಿಂಗಳು ಹಿಡಿದೀತು. ಹೆಚ್ಚಿನವರು ಎಡವುವುದು ವಿಡಿಯೊ ನೋಡುವುದನ್ನೇ ಕಲಿಕೆ ಎಂದುಕೊಂಡು. ವಿಡಿಯೊದಲ್ಲಿ ಎಲ್ಲವೂ ಮೊದಲ ಸಲಕ್ಕೇ ಸರಿಯಾಗುತ್ತದೆ. ಕೆಲಸದಲ್ಲಿ ನಿಮ್ಮ ಮುಂದೆ ಬರುವುದು ಕೆಟ್ಟುಹೋದದ್ದು ಮಾತ್ರ. ಹಾಗಾಗಿ ಮನೆಯಲ್ಲಿ ಒಂದು ಪುಟ್ಟ ಆಫೀಸನ್ನು ಕಂಪ್ಯೂಟರಿನೊಳಗೇ ಕಟ್ಟಿ, ಅದನ್ನು ಬೇಕೆಂದೇ ಕೆಡಿಸಿ, ಸರಿಮಾಡಿ, ಮಾಡಿದ್ದನ್ನು ಬರೆದಿಡಬೇಕು. ಅನುಭವವಿಲ್ಲದ ಅಭ್ಯರ್ಥಿಗೆ ಅನುಭವದ ಜಾಗದಲ್ಲಿ ತೋರಿಸಲು ಇರುವುದು ಅದೊಂದೇ.

ಕಮಾಂಡುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

ಯಂತ್ರ ಎಂಥದ್ದಿರಬೇಕು

16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಸಾಕು. ಹೊಸದೇ ಆಗಬೇಕಿಲ್ಲ. ಕಂಪನಿಗಳಿಂದ ಹೊರಬಿದ್ದ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ಟೌನ್ ಹಾಲ್ ಹತ್ತಿರದ ಎಸ್‌ಪಿ ರಸ್ತೆಯಂಥ ಕಡೆ ಸಿಗುತ್ತವೆ, ಈ ಕೆಲಸಕ್ಕೆ ಅವು ಚೆನ್ನಾಗಿಯೇ ಇರುತ್ತವೆ. ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ವಿಷಯ ನೋಡಿ. ಆನ್ ಮಾಡಿದ ತಕ್ಷಣ ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ: ಪಾಸ್‌ವರ್ಡ್ ಕೇಳಿದರೆ ಅದು ಹಿಂದಿನ ಕಂಪನಿ ಹಾಕಿದ ಬೀಗ, ಆ ಯಂತ್ರ ಬೇಡ. ವಿಂಡೋಸ್ ತೆರೆದು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿದರೆ ಕೆಳಗೆ ‘ವರ್ಚುವಲೈಸೇಶನ್’ ಎಂಬ ಸಾಲು ಕಾಣುತ್ತದೆ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸಲು ಇದು ಬೇಕು. ಅದು ‘ಎನೇಬಲ್ಡ್’ ಆಗಿರಬೇಕು, ಇಲ್ಲದಿದ್ದರೆ ಬಯಾಸ್‌ನಲ್ಲಿ ವಿಟಿ-ಎಕ್ಸ್ ಅಥವಾ ಎಎಂಡಿ-ವಿ (ಇದೇ ಸೌಲಭ್ಯಕ್ಕೆ ಇಂಟೆಲ್, ಎಎಂಡಿ ಇಟ್ಟ ಹೆಸರು) ಆನ್ ಮಾಡಲು ಬರುತ್ತದೆಯೇ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಕೊಟ್ಟರೆ ಬ್ಯಾಟರಿ ಹೊಸದಿದ್ದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಕಾಣುತ್ತವೆ. ನಾಲ್ಕನೆಯದು, ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿದೆಯೋ ಅಥವಾ ಸ್ಲಾಟ್ ಇದೆಯೋ ಎನ್ನುವುದು. ಸ್ಲಾಟ್ ಇದ್ದರೆ 8 ಜಿಬಿಯದ್ದನ್ನೇ ಕೊಂಡು ಆಮೇಲೆ ಹೆಚ್ಚಿಸಿಕೊಳ್ಳಬಹುದು.

8 ಜಿಬಿ ಮಾತ್ರ ಇದ್ದರೆ ಕಲಿಯಲು ಆಗುವುದೇ ಇಲ್ಲ ಎಂದಲ್ಲ. ಆದರೆ ವಿಂಡೋಸ್ ಸರ್ವರ್, ವಿಂಡೋಸ್ 11 ಎರಡನ್ನೂ ಒಟ್ಟಿಗೆ ಓಡಿಸಿದರೆ ಮೌಸ್ ಕೂಡ ಅಲ್ಲಾಡದು. ಅಂಥವರು ಮುಂದೆ ಹೇಳುವ ಲಿನಕ್ಸ್ ಭಾಗದಿಂದ ಶುರು ಮಾಡಲಿ, ಅದಕ್ಕೆ 2 ಜಿಬಿ ಸಾಕು. ಎಸ್‌ಎಸ್‌ಡಿ ಬದಲು ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಮಾತ್ರ ಮೊದಲು ಅದನ್ನು ಬದಲಿಸಿ. ಹಾಗೆ ಬದಲಿಸಿ, ಹಳೆಯದರಿಂದ ಹೊಸದಕ್ಕೆ ವಿಂಡೋಸ್ ಹಾಕುವುದೇ ನಿಮ್ಮ ಮೊದಲ ಪಾಠವೂ ಆಗುತ್ತದೆ.

ಲ್ಯಾಬ್ ಕಟ್ಟುವುದು

ಬೇಕಾದ ಸಾಫ್ಟ್‌ವೇರ್ ಎಲ್ಲವೂ ಉಚಿತ. ಒರಾಕಲ್‌ನ ವರ್ಚುವಲ್‌ಬಾಕ್ಸ್ ಹಾಕಿಕೊಳ್ಳಿ, ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳನ್ನು (ವರ್ಚುವಲ್ ಯಂತ್ರ) ಓಡಿಸುವುದು ಅದೇ. ಮೈಕ್ರೋಸಾಫ್ಟ್‌ನ ಇವ್ಯಾಲ್ಯುಯೇಶನ್ ಸೆಂಟರ್‌ನಿಂದ ವಿಂಡೋಸ್ ಸರ್ವರ್ 2022 (180 ದಿನ ನಡೆಯುತ್ತದೆ) ಮತ್ತು ವಿಂಡೋಸ್ 11 ಎಂಟರ್‌ಪ್ರೈಸ್ (90 ದಿನ) ಐಎಸ್‌ಒ ಫೈಲುಗಳನ್ನು (ಇನ್‌ಸ್ಟಾಲ್ ಮಾಡುವ ಡಿಸ್ಕಿನ ಪ್ರತಿ) ಇಳಿಸಿಕೊಳ್ಳಿ. ಕ್ರ್ಯಾಕ್ ಮಾಡಿದ ಪ್ರತಿಗಳ ಹತ್ತಿರ ಹೋಗಬೇಡಿ. ಅದರ ಜೊತೆ ವೈರಸ್ ಬರುವುದು ಒಂದು ಕಡೆಯಾದರೆ, ಸಂದರ್ಶನದಲ್ಲಿ ‘ಲೈಸೆನ್ಸ್ ಹೇಗೆ?’ ಎಂದಾಗ ಹೇಳಲು ಮಾತಿರುವುದಿಲ್ಲ. ವಿಂಡೋಸ್ ಹೋಮ್ ಆವೃತ್ತಿಯೂ ಬೇಡ, ಅದು ಡೊಮೈನ್ (ಆಫೀಸಿನ ಯಂತ್ರ, ಅಕೌಂಟುಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಗುಂಪು) ಸೇರಲಾರದು.

ಸರ್ವರಿಗೆ 4 ಜಿಬಿ, ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಕೊಡಿ. ತಾನೇ ಇನ್‌ಸ್ಟಾಲ್ ಮಾಡಿಕೊಳ್ಳುವ ಆಯ್ಕೆಯನ್ನು ವರ್ಚುವಲ್‌ಬಾಕ್ಸ್ ಮುಂದಿಡುತ್ತದೆ, ಒಪ್ಪಬೇಡಿ. ಒಂದೊಂದು ಪರದೆಯನ್ನೂ ನೀವೇ ಓದಿ ಮುಂದೆ ಹೋಗಬೇಕು. ಸರ್ವರ್ ಹಾಕುವಾಗ ‘ಡೆಸ್ಕ್‌ಟಾಪ್ ಎಕ್ಸ್‌ಪೀರಿಯೆನ್ಸ್’ ಎಂದಿರುವ ಸಾಲನ್ನೇ ಆರಿಸಿ. ಅದನ್ನು ಬಿಟ್ಟವರು ಕೊನೆಗೆ ಬರೀ ಕಪ್ಪು ಕಮಾಂಡ್ ಕಿಟಕಿ ನೋಡಿ ಏನೋ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ವರ್ಚುವಲ್ ಯಂತ್ರ ತೀರಾ ಆಮೆಗತಿಯಲ್ಲಿದ್ದು, ಅದರ ಕಿಟಕಿಯ ಕೆಳಮೂಲೆಯಲ್ಲಿ ನಿಜವಾಗಿಯೂ ಹಸಿರು ಆಮೆಯ ಚಿತ್ರ ಕಂಡರೆ, ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್‌ನಲ್ಲಿ ಹೈಪರ್-ವಿ (ವಿಂಡೋಸ್‌ನದ್ದೇ ವರ್ಚುವಲ್ ಯಂತ್ರದ ಸೌಲಭ್ಯ) ಅಥವಾ ಮೆಮೊರಿ ಇಂಟೆಗ್ರಿಟಿ (ಅದರ ಮೇಲೆ ನಡೆಯುವ ರಕ್ಷಣಾ ಸೌಲಭ್ಯ) ಆನ್ ಆಗಿದೆ ಎಂದರ್ಥ.

ನೆಟ್‌ವರ್ಕ್ ಜೋಡಣೆಯಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ವರ್ಚುವಲ್‌ಬಾಕ್ಸ್ ತಾನಾಗಿ ಕೊಡುವುದು ‘ನ್ಯಾಟ್’. ಅದರಲ್ಲಿ ಪ್ರತಿ ಯಂತ್ರವೂ ಒಂಟಿ. ಎರಡೂ ಯಂತ್ರದಲ್ಲಿ ವಿಳಾಸ 10.0.2.15 ಎಂದೇ ಕಾಣುತ್ತದೆ, ಒಂದಕ್ಕೊಂದು ಪಿಂಗ್ ಆಗುವುದಿಲ್ಲ, ಅಂದರೆ ಒಂದರ ಕರೆಗೆ ಇನ್ನೊಂದು ಉತ್ತರಿಸುವುದಿಲ್ಲ. ನಿಮಗೆ ಬೇಕಾದದ್ದು ‘ನ್ಯಾಟ್ ನೆಟ್‌ವರ್ಕ್’. ಫೈಲ್ ಮೆನುವಿನ ಟೂಲ್ಸ್ ಒಳಗಿನ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಹೊಸದೊಂದನ್ನು ಮಾಡಿ, 192.168.50.0/24 ಎಂದು ಕೊಟ್ಟು, ಅದರ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಸೇವೆ) ಟಿಕ್ ತೆಗೆದುಬಿಡಿ. ಆಮೇಲೆ ಎರಡೂ ಯಂತ್ರಗಳನ್ನು ಅದಕ್ಕೆ ಸೇರಿಸಿ. ಮನೆಯ ನೆಟ್‌ವರ್ಕಿಗೇ ನೇರವಾಗಿ ಸೇರಿಸುವ ‘ಬ್ರಿಜ್ಡ್’ ಆರಿಸಿ ಸರ್ವರಿನಲ್ಲಿ ಡಿಎಚ್‌ಸಿಪಿ ಶುರು ಮಾಡಿದರೆ ನಿಮ್ಮ ಸರ್ವರು ಮನೆಯ ವೈಫೈ ರೂಟರ್ ಜೊತೆ ಪೈಪೋಟಿಗಿಳಿದು, ಮನೆಮಂದಿಯ ಫೋನುಗಳಿಗೂ ತಪ್ಪು ವಿಳಾಸ ಹಂಚುತ್ತದೆ. ಆಫೀಸಿನಲ್ಲಿ ಯಾರೋ ಮನೆಯಿಂದ ರೂಟರ್ ತಂದು ಗೋಡೆಯ ಪೋರ್ಟಿಗೆ ಚುಚ್ಚಿದಾಗ ಇಡೀ ಮಹಡಿಯ ನೆಟ್ ಹೋಗುವುದು ಇದೇ ಕಾರಣಕ್ಕೆ.

ಸರ್ವರಿಗೆ ವಿಳಾಸವನ್ನು ಕೈಯಾರೆ ಕೊಡಿ: 192.168.50.10, ಮಾಸ್ಕ್ 255.255.255.0, ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ದಾರಿ) 192.168.50.1, ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ ಸರ್ವರಿನದ್ದೇ ವಿಳಾಸ. ಕಂಪ್ಯೂಟರ್ ಹೆಸರನ್ನು ಈಗಲೇ ‘ಡಿಸಿ01’ ಎಂದು ಬದಲಿಸಿಬಿಡಿ, ಡೊಮೈನ್ ಕಂಟ್ರೋಲರ್ (ಡೊಮೈನನ್ನು ನಡೆಸುವ ಸರ್ವರ್) ಆದ ಮೇಲೆ ಹೆಸರು ಬದಲಿಸುವುದು ತಲೆನೋವು. ನಂತರ ಸರ್ವರ್ ಮ್ಯಾನೇಜರ್‌ನಿಂದ ‘ಆ್ಯಕ್ಟಿವ್ ಡೈರೆಕ್ಟರಿ ಡೊಮೈನ್ ಸರ್ವೀಸಸ್’ (ಬಳಕೆದಾರರು, ಯಂತ್ರಗಳ ದಾಖಲೆ ಇಡುವ ಸೇವೆ) ಹಾಕಿ, ಹೊಸ ಫಾರೆಸ್ಟ್ (ಡೊಮೈನುಗಳನ್ನು ಒಳಗೊಳ್ಳುವ ದೊಡ್ಡ ಗುಂಪು) ಮಾಡಿ, ‘ಲ್ಯಾಬ್.ಇಂಟರ್ನಲ್’ ಎಂಬಂಥ ಹೆಸರು ಕೊಡಿ. ಡಿಎಚ್‌ಸಿಪಿ ಕೂಡ ಹಾಕಿ, 192.168.50.100ರಿಂದ 150ರವರೆಗೆ ವಿಳಾಸ ಹಂಚಲು ಹೇಳಿ, ಡಿಎನ್‌ಎಸ್ ಜಾಗದಲ್ಲಿ 192.168.50.10 ಎಂದೇ ಬರೆಯಿರಿ. ಡಿಎಚ್‌ಸಿಪಿಯನ್ನು ‘ಆಥರೈಸ್’ ಮಾಡುವುದು ಮರೆತರೆ ಅದು ಸುಮ್ಮನೆ ಕೂತಿರುತ್ತದೆ, ಯಾರಿಗೂ ವಿಳಾಸ ಕೊಡುವುದಿಲ್ಲ.

ಈಗ ವಿಂಡೋಸ್ 11 ಯಂತ್ರವನ್ನು ಡೊಮೈನಿಗೆ ಸೇರಿಸಿ. ‘ಡೊಮೈನ್ ಕಂಟ್ರೋಲರ್ ಸಿಗುತ್ತಿಲ್ಲ’ ಎಂಬ ಎರರ್ ಬಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಡಿಎನ್‌ಎಸ್. ಯಂತ್ರದಲ್ಲಿ ಯಾರೋ ಹೇಳಿಕೊಟ್ಟಂತೆ 8.8.8.8 ಹಾಕಿರುತ್ತೀರಿ. ನಿಮ್ಮ ಮನೆಯೊಳಗಿನ ಡೊಮೈನ್ ಎಲ್ಲಿದೆ ಎಂದು ಗೂಗಲ್‌ನ ಡಿಎನ್‌ಎಸ್‌ಗೆ ಹೇಗೆ ಗೊತ್ತಿರಬೇಕು? ‘ಐಪಿಕಾನ್ಫಿಗ್ /ಆಲ್’ ಕೊಟ್ಟು ಡಿಎನ್‌ಎಸ್ ಸಾಲು ನೋಡಿ, ‘ಎನ್‌ಎಸ್‌ಲುಕಪ್ ಲ್ಯಾಬ್.ಇಂಟರ್ನಲ್’ ಕೊಟ್ಟು ಉತ್ತರ ಬರುತ್ತದೆಯೇ ನೋಡಿ. ಇದೊಂದು ತಪ್ಪನ್ನು ಬೇಕೆಂದೇ ಮೂರು ಸಲ ಮಾಡಿ, ಮೂರು ಸಲ ಸರಿಮಾಡಿ.

ಎಲ್ಲ ಸರಿಯಾದ ಮೇಲೆ ಎರಡೂ ಯಂತ್ರಗಳನ್ನು ಶಟ್‌ಡೌನ್ ಮಾಡಿ, ಎರಡರದ್ದೂ ಒಟ್ಟಿಗೆ ಸ್ನ್ಯಾಪ್‌ಶಾಟ್ ತೆಗೆದಿಡಿ. ಕೆಡಿಸಿ ಕೆಡಿಸಿ ದಾರಿ ತಪ್ಪಿದರೆ ಇಲ್ಲಿಗೆ ಮರಳಬಹುದು. ಒಂದನ್ನು ಮಾತ್ರ ಹಿಂದಕ್ಕೆ ತಂದರೆ ಏನಾಗುತ್ತದೆ ಎಂಬುದೂ ಒಂದು ಪಾಠವೇ, ಅದು ಮುಂದೆ ಬರುತ್ತದೆ.

ಕೆಡಿಸುವ ಪಾಠಗಳು

ಡೊಮೈನಿನಲ್ಲಿ ಅಕೌಂಟ್ಸ್, ಎಚ್‌ಆರ್, ಸೇಲ್ಸ್ ಎಂದು ಮೂರು ಓಯು (ಆರ್ಗನೈಸೇಶನಲ್ ಯೂನಿಟ್, ಅಕೌಂಟುಗಳನ್ನು ವಿಂಗಡಿಸಿಡುವ ವಿಭಾಗ) ಮಾಡಿ, ಇಪ್ಪತ್ತು ಬಳಕೆದಾರರನ್ನು ಸೃಷ್ಟಿಸಿ. ಮೊದಲ ಐದನ್ನು ಕೈಯಲ್ಲಿ ಮಾಡಿ, ಉಳಿದ ಹದಿನೈದನ್ನು ಎಕ್ಸೆಲ್‌ನಲ್ಲಿ ಪಟ್ಟಿ ಬರೆದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಆಗಿ ಉಳಿಸಿ, ವಿಂಡೋಸ್‌ನ ಕಮಾಂಡ್ ಭಾಷೆಯಾದ ಪವರ್‌ಶೆಲ್‌ನ ‘ಇಂಪೋರ್ಟ್-ಸಿಎಸ್‌ವಿ’, ‘ನ್ಯೂ-ಎಡಿಯೂಸರ್’ ಜೋಡಿಯಿಂದ ಮಾಡಿ. ಪಾಸ್‌ವರ್ಡ್ ಕೊಡದೆ ಓಡಿಸಿದರೆ ಅಕೌಂಟುಗಳೇನೋ ಹುಟ್ಟುತ್ತವೆ, ಆದರೆ ಎಲ್ಲವೂ ಡಿಸೇಬಲ್ ಆಗಿರುತ್ತವೆ. ಪವರ್‌ಶೆಲ್ ಇಷ್ಟು ಬಂದರೂ ಎಲ್1 ಹಂತಕ್ಕೆ ಸಾಕಷ್ಟಾಯಿತು.

ಮೊದಲ ಪಾಠ ಅಕೌಂಟ್ ಲಾಕ್, ಸರ್ವೀಸ್ ಡೆಸ್ಕಿನ ದಿನನಿತ್ಯದ ಅನ್ನ. ಹೊಸ ಡೊಮೈನಿನಲ್ಲಿ ಲಾಕ್ ಆಗುವ ನಿಯಮವೇ ಇರುವುದಿಲ್ಲ, ನೀವೇ ಹಾಕಬೇಕು: ಐದು ಸಲ ತಪ್ಪಿದರೆ ಲಾಕ್ ಎಂದು. ಇದನ್ನು ಅಕೌಂಟ್ಸ್ ಓಯುವಿಗೆ ಅಂಟಿಸಿದ ಗ್ರೂಪ್ ಪಾಲಿಸಿಯಲ್ಲಿ (ಯಂತ್ರ, ಬಳಕೆದಾರರಿಗೆ ಅನ್ವಯಿಸುವ ನಿಯಮಗಳ ಕಟ್ಟು) ಹಾಕಿ ನೋಡಿ: ಡೊಮೈನ್ ಬಳಕೆದಾರರ ಮೇಲೆ ಏನೂ ಪರಿಣಾಮ ಆಗುವುದಿಲ್ಲ. ಡೊಮೈನ್ ಮಟ್ಟದ ಪಾಲಿಸಿಯಲ್ಲಿ ಹಾಕಿದರೆ ಮಾತ್ರ ನಡೆಯುತ್ತದೆ. ಸಂದರ್ಶನದಲ್ಲಿ ಈ ವ್ಯತ್ಯಾಸ ಹೇಳಬಲ್ಲ ಹೊಸಬರು ಕಡಿಮೆ.

ಅನ್‌ಲಾಕ್ ಮಾಡುವುದು ಒಂದು ಟಿಕ್ ಅಷ್ಟೆ. ಅಸಲಿ ಪ್ರಶ್ನೆ ಬರುವುದು ಅನ್‌ಲಾಕ್ ಮಾಡಿದ ಹತ್ತೇ ನಿಮಿಷಕ್ಕೆ ಮತ್ತೆ ಲಾಕ್ ಆದಾಗ. ಆ ವ್ಯಕ್ತಿ ನಿನ್ನೆ ಪಾಸ್‌ವರ್ಡ್ ಬದಲಿಸಿರುತ್ತಾರೆ, ಹಳೆಯ ಪಾಸ್‌ವರ್ಡ್ ಅವರ ಫೋನಿನ ಮೇಲ್ ಆ್ಯಪ್‌ನಲ್ಲೋ, ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲೋ, ಲಾಗ್‌ಆಫ್ ಮಾಡದೆ ಬಿಟ್ಟ ಇನ್ನೊಂದು ಯಂತ್ರದಲ್ಲೋ ಉಳಿದು, ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ. ಎಲ್ಲಿಂದ ಎಂದು ತಿಳಿಯಲು ಡೊಮೈನ್ ಕಂಟ್ರೋಲರಿನ ಈವೆಂಟ್ ವ್ಯೂವರ್‌ನಲ್ಲಿ ಸೆಕ್ಯುರಿಟಿ ಲಾಗ್ ತೆರೆದು 4740 ಎಂಬ ಸಂಖ್ಯೆ ಫಿಲ್ಟರ್ ಮಾಡಿ. ‘ಕಾಲರ್ ಕಂಪ್ಯೂಟರ್ ನೇಮ್’ ಎಂಬಲ್ಲಿ ಯಂತ್ರದ ಹೆಸರು ಇರುತ್ತದೆ.

ಎರಡನೆಯದು ಫೋಲ್ಡರ್ ಅನುಮತಿ. ಒಂದು ಫೋಲ್ಡರ್ ಶೇರ್ ಮಾಡಿ, ಶೇರ್ ಅನುಮತಿಯಲ್ಲಿ ‘ರೀಡ್’ ಮಾತ್ರ, ಎನ್‌ಟಿಎಫ್‌ಎಸ್ ಅನುಮತಿಯಲ್ಲಿ (ಡಿಸ್ಕಿನಲ್ಲಿ ಫೋಲ್ಡರಿಗೇ ಇರುವ ಅನುಮತಿ) ‘ಫುಲ್ ಕಂಟ್ರೋಲ್’ ಕೊಡಿ. ನೆಟ್‌ವರ್ಕ್ ಮೂಲಕ ಬಂದವರಿಗೆ ಬರೆಯಲು ಆಗುವುದಿಲ್ಲ, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಇನ್ನೊಂದು: ಬಳಕೆದಾರರನ್ನು ಸರಿಯಾದ ಗ್ರೂಪಿಗೆ ಸೇರಿಸಿಯೂ ‘ಇನ್ನೂ ತೆರೆಯುತ್ತಿಲ್ಲ’ ಎಂಬ ದೂರು. ಅವರು ಲಾಗ್‌ಆಫ್ ಆಗಿ ಮತ್ತೆ ಲಾಗಿನ್ ಆಗುವವರೆಗೆ ಹೊಸ ಗ್ರೂಪು ಅವರ ಟೋಕನ್ನಿಗೆ (ಲಾಗಿನ್ ಆಗುವಾಗ ಸಿಗುವ ಗುರುತುಚೀಟಿ) ಬರುವುದಿಲ್ಲ. ಪರದೆ ಲಾಕ್ ಮಾಡಿ ತೆರೆದರೆ ಸಾಲದು.

ಮೂರನೆಯದು ಟ್ರಸ್ಟ್, ಅಂದರೆ ಯಂತ್ರಕ್ಕೂ ಡೊಮೈನಿಗೂ ನಡುವಿನ ನಂಬಿಕೆ, ಮುರಿಯುವುದು. ಡೊಮೈನಿಗೆ ಸೇರಿದ ಪ್ರತಿ ಕಂಪ್ಯೂಟರಿಗೂ ತನ್ನದೇ ಗುಪ್ತ ಪಾಸ್‌ವರ್ಡ್ ಇರುತ್ತದೆ, ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಅದು ತಾನೇ ಬದಲಾಗುತ್ತದೆ. ಒಂದೇ ಯಂತ್ರವನ್ನು ಹಳೆಯ ಸ್ನ್ಯಾಪ್‌ಶಾಟಿಗೆ ತಂದಾಗ ಎರಡು ಕಡೆಯ ಪಾಸ್‌ವರ್ಡ್ ತಾಳೆಯಾಗದೆ ‘ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್’ ಎಂಬ ಸಂದೇಶ ಬರಬಹುದು. ಅಷ್ಟು ಕಾಯದೆ ಈಗಲೇ ನೋಡಬೇಕೆಂದರೆ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಆ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀಸೆಟ್ ಅಕೌಂಟ್’ ಕೊಡಿ. ಇದಕ್ಕೆ ಮುಂಚೆ ಯಂತ್ರದ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಬಳಿ ಇದೆಯೇ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಒಳಗೆ ಹೋಗಲು ಬಾಗಿಲೇ ಇರುವುದಿಲ್ಲ. ಲೋಕಲ್ ಅಡ್ಮಿನ್ ಆಗಿ ಒಳಹೊಕ್ಕು, ಪವರ್‌ಶೆಲ್‌ನಲ್ಲಿ ‘ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ -ರಿಪೇರ್’ ಅನ್ನು ಡೊಮೈನ್ ಅಡ್ಮಿನ್ ಹೆಸರಿನೊಂದಿಗೆ ಓಡಿಸಿದರೆ ಡೊಮೈನ್ ಬಿಟ್ಟು ಮತ್ತೆ ಸೇರುವ ಗೋಜಿಲ್ಲದೆ ಸರಿಹೋಗುತ್ತದೆ.

ನಾಲ್ಕನೆಯದಕ್ಕೆ ಸರ್ವರಿನಲ್ಲಿ ಡಿಎಚ್‌ಸಿಪಿ ಸರ್ವೀಸ್ ನಿಲ್ಲಿಸಿ, ವಿಂಡೋಸ್ 11ರಲ್ಲಿ ‘ಐಪಿಕಾನ್ಫಿಗ್ /ರಿಲೀಸ್’, ‘/ರಿನ್ಯೂ’ ಕೊಡಿ. ಸ್ವಲ್ಪ ಹೊತ್ತಿಗೆ 169.254ರಿಂದ ಶುರುವಾಗುವ ವಿಳಾಸ ಕಾಣುತ್ತದೆ. ಈ ಸಂಖ್ಯೆ ಕಂಡ ತಕ್ಷಣ ‘ಡಿಎಚ್‌ಸಿಪಿ ಸಿಕ್ಕಿಲ್ಲ’ ಎಂದು ಬಾಯಿಗೆ ಬರಬೇಕು. ನೆಟ್ ಇಲ್ಲ ಎಂದಾಗ ನೋಡುವ ಕ್ರಮವನ್ನೂ ಇಲ್ಲೇ ರೂಢಿ ಮಾಡಿಕೊಳ್ಳಿ: ಕೇಬಲ್ ಅಥವಾ ವೈಫೈ, ಆಮೇಲೆ ಐಪಿ ವಿಳಾಸ, ಗೇಟ್‌ವೇಗೆ ಪಿಂಗ್, 8.8.8.8ಕ್ಕೆ ಪಿಂಗ್, ಕೊನೆಗೆ ಒಂದು ವೆಬ್‌ಸೈಟಿನ ಹೆಸರಿಗೆ ಪಿಂಗ್. ಸಂಖ್ಯೆಗೆ ಹೋಗಿ ಹೆಸರಿಗೆ ಹೋಗದಿದ್ದರೆ ಡಿಎನ್‌ಎಸ್. ಒಂದು ಎಚ್ಚರ: ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದಂತೆ ತಡೆಯುವುದುಂಟು, ಪಿಂಗ್ ಬಾರದ ಮಾತ್ರಕ್ಕೆ ಯಂತ್ರ ಸತ್ತಿದೆ ಎಂದಲ್ಲ.

ಪ್ರಿಂಟರ್ ಇಲ್ಲದೆಯೂ ಪ್ರಿಂಟರ್ ಸಮಸ್ಯೆ ಕಲಿಯಬಹುದು. ಸರಿಯಿಲ್ಲದ ಐಪಿ ವಿಳಾಸ ಕೊಟ್ಟು ನೆಟ್‌ವರ್ಕ್ ಪ್ರಿಂಟರ್ ಸೇರಿಸಿ ಪ್ರಿಂಟ್ ಕೊಡಿ, ಕ್ಯೂ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರಿಂಟ್ ಸ್ಪೂಲರ್ ಸರ್ವೀಸ್ ನಿಲ್ಲಿಸಿ, ಸಿಸ್ಟಮ್32ರ ‘ಸ್ಪೂಲ್’ ಒಳಗಿನ ‘ಪ್ರಿಂಟರ್ಸ್’ ಫೋಲ್ಡರ್ ಖಾಲಿ ಮಾಡಿ, ಸರ್ವೀಸ್ ಮತ್ತೆ ಶುರು ಮಾಡಿ. ಫೋಲ್ಡರಿನ ಒಳಗಿರುವುದನ್ನು ಮಾತ್ರ ಅಳಿಸಿ, ಫೋಲ್ಡರನ್ನೇ ಅಳಿಸಬೇಡಿ.

ಟಿಕೆಟ್ ಬರೆಯುವುದು

ಕೆಡಿಸಿ ಸರಿಮಾಡಿದ ಪ್ರತಿ ಸಲವೂ ಒಂದು ಟಿಕೆಟ್, ಅಂದರೆ ದೂರು ಮತ್ತು ಪರಿಹಾರದ ದಾಖಲೆ, ಬರೆಯಿರಿ. ಓಎಸ್‌ಟಿಕೆಟ್ ಅಥವಾ ಜಿಎಲ್‌ಪಿಐ ಎಂಬ ಓಪನ್ ಸೋರ್ಸ್ ಟಿಕೆಟ್ ಸಾಫ್ಟ್‌ವೇರನ್ನು ಲಿನಕ್ಸ್ ಯಂತ್ರದಲ್ಲಿ ಹಾಕಿಕೊಂಡರೆ ಉತ್ತಮ, ಆಗದಿದ್ದರೆ ಎಕ್ಸೆಲ್ ಹಾಳೆಯೂ ನಡೆದೀತು. ಕಲಿಯುವವರು ಈ ಭಾಗವನ್ನೇ ಬಿಟ್ಟುಬಿಡುತ್ತಾರೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಮೇಲಿನವರು ನಿಮ್ಮನ್ನು ಅಳೆಯುವುದು ಟಿಕೆಟಿನಲ್ಲಿ ನೀವು ಬರೆದ ಮಾತಿನಿಂದ. ‘ಇಶ್ಯೂ ಫಿಕ್ಸ್ಡ್’ ಎಂದು ಬರೆದು ಮುಚ್ಚಿದ ಟಿಕೆಟ್ ಯಾರಿಗೂ ಉಪಯೋಗವಿಲ್ಲ. ಲ್ಯಾಬಿನ ಒಂದು ಟಿಕೆಟ್ ಹೀಗಿರಲಿ:

ದೂರು: ಅಕೌಂಟ್ಸ್ ವಿಭಾಗದ ಸವಿತಾ ಅವರಿಗೆ ‘ಇನ್‌ವಾಯ್ಸ್’ ಫೋಲ್ಡರ್ ತೆರೆಯುತ್ತಿಲ್ಲ, ‘ಆ್ಯಕ್ಸೆಸ್ ಡಿನೈಡ್’ ಎಂದು ಬರುತ್ತಿದೆ.
ಎಷ್ಟು ಜನಕ್ಕೆ: ಅವರೊಬ್ಬರಿಗೇ. ಪಕ್ಕದವರಿಗೆ ತೆರೆಯುತ್ತಿದೆ.
ಎಂದಿನಿಂದ: ಇಂದು ಬೆಳಿಗ್ಗೆ 9:40ರಿಂದ. ನಿನ್ನೆ ಸೇಲ್ಸ್‌ನಿಂದ ಅಕೌಂಟ್ಸ್‌ಗೆ ವರ್ಗವಾಗಿದ್ದಾರೆ.
ನೋಡಿದ್ದು: ಸರ್ವರಿಗೆ ಪಿಂಗ್ ಆಗುತ್ತಿದೆ. ಬೇರೆ ಶೇರ್‌ಗಳು ತೆರೆಯುತ್ತಿವೆ. ‘ಹೂಆಮ್‌ಐ /ಗ್ರೂಪ್ಸ್’ ಕೊಟ್ಟಾಗ ಅಕೌಂಟ್ಸ್ ಗ್ರೂಪು ಪಟ್ಟಿಯಲ್ಲಿ ಇಲ್ಲ.
ಕಾರಣ: ಓಯು ಬದಲಾಗಿದೆ, ಗ್ರೂಪು ಬದಲಾಗಿಲ್ಲ. ಓಯು ಬದಲಾದರೆ ಅನುಮತಿ ಬದಲಾಗುವುದಿಲ್ಲ.
ಮಾಡಿದ್ದು: ಮ್ಯಾನೇಜರ್ ಒಪ್ಪಿಗೆ ಪಡೆದು ಗ್ರೂಪಿಗೆ ಸೇರಿಸಲಾಯಿತು, ಸೇಲ್ಸ್ ಗ್ರೂಪಿನಿಂದ ತೆಗೆಯಲಾಯಿತು. ಲಾಗ್‌ಆಫ್ ಮಾಡಿಸಿ ಮತ್ತೆ ಲಾಗಿನ್ ಮಾಡಿಸಲಾಯಿತು.
ಖಚಿತ: 10:05ಕ್ಕೆ ಸವಿತಾ ಅವರೇ ಫೈಲ್ ತೆರೆದು ಉಳಿಸಿ ನೋಡಿದರು.

‘ಮ್ಯಾನೇಜರ್ ಒಪ್ಪಿಗೆ ಪಡೆದು’ ಎಂಬ ಮಾತನ್ನು ಗಮನಿಸಿ. ಕೇಳಿದ ಕೂಡಲೇ ಅನುಮತಿ ಕೊಟ್ಟುಬಿಡುವುದು ಉಪಕಾರವಲ್ಲ, ಅಪರಾಧಕ್ಕೆ ಸಮ. ಹಾಗೆಯೇ ಫೋನಿನಲ್ಲಿ ಪಾಸ್‌ವರ್ಡ್ ರೀಸೆಟ್ ಕೇಳಿದವರು ನಿಜವಾಗಿ ಅವರೇ ಎಂದು ಖಚಿತ ಮಾಡಿಕೊಳ್ಳದೆ ರೀಸೆಟ್ ಮಾಡಬಾರದು. ಎಷ್ಟು ಗಡಿಬಿಡಿಯಲ್ಲಿದ್ದೇನೆ ಎಂದರೂ, ಎಷ್ಟು ದೊಡ್ಡ ಹುದ್ದೆಯ ಹೆಸರು ಹೇಳಿದರೂ ಇದೇ ನಿಯಮ. ಸಂದರ್ಶನದಲ್ಲಿ ಇದನ್ನು ಕೇಳುತ್ತಾರೆ.

ಟಿಕೆಟುಗಳನ್ನು ಇಂಗ್ಲಿಷಿನಲ್ಲೇ, ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಮೂವತ್ತು ನಲವತ್ತು ಟಿಕೆಟ್ ಆಗುವಷ್ಟರಲ್ಲಿ ಬರವಣಿಗೆಗೆ ಹಿಡಿತ ಬರುತ್ತದೆ. ಇನ್ಸಿಡೆಂಟ್ (ಇದ್ದದ್ದು ಕೆಟ್ಟಿದೆ), ಸರ್ವೀಸ್ ರಿಕ್ವೆಸ್ಟ್ (ಹೊಸದು ಬೇಕಿದೆ), ಪ್ರಾಬ್ಲಂ (ಮತ್ತೆ ಮತ್ತೆ ಕೆಡಲು ಮೂಲ ಕಾರಣ ಹುಡುಕಬೇಕಿದೆ) ಎಂಬ ಐಟಿಐಎಲ್ (ಐಟಿ ಸೇವೆ ನಡೆಸುವ ಪದ್ಧತಿಗಳ ಚೌಕಟ್ಟು) ಪದಗಳ ವ್ಯತ್ಯಾಸ ಕೂಡ ನಿಮ್ಮ ಟಿಕೆಟುಗಳನ್ನೇ ವಿಂಗಡಿಸುತ್ತಾ ಕಲಿತುಬಿಡಬಹುದು.

ಲಿನಕ್ಸ್ ಮತ್ತು ನೆಟ್‌ವರ್ಕ್, ಬೇಕಾದಷ್ಟು

ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಸರ್ವರ್ 24.04 ಹಾಕಿ, ಎಸ್‌ಎಸ್‌ಎಚ್ (ಇನ್ನೊಂದು ಯಂತ್ರದಿಂದ ಕಮಾಂಡ್ ಕೊಡುವ ದಾರಿ) ಮೂಲಕವೇ ಒಳಗೆ ಹೋಗಿ ಕೆಲಸ ಮಾಡಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ (ಟೈಪ್ ಮಾಡುವಾಗ nginx) ಹಾಕಿ, ಅದರ ಕಾನ್ಫಿಗ್ ಫೈಲಿನಲ್ಲಿ ಒಂದು ಸೆಮಿಕೋಲನ್ ತೆಗೆದು ರೀಸ್ಟಾರ್ಟ್ ಕೊಡಿ: ಏಳುವುದಿಲ್ಲ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’, ‘ಜರ್ನಲ್‌ಸಿಟಿಎಲ್ -ಯು’, ‘ಎಂಜಿನ್‌ಎಕ್ಸ್ -ಟಿ’ ಈ ಮೂರರಲ್ಲಿ ಕೊನೆಯದು ತಪ್ಪಿರುವ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ಇನ್ನೊಂದು ಪಾಠ ಡಿಸ್ಕ್ ತುಂಬುವುದು. ‘ಎಫ್‌ಅಲೊಕೇಟ್’ನಿಂದ ದೊಡ್ಡ ಫೈಲ್ ಮಾಡಿ ಜಾಗ ಮುಗಿಸಿ, ‘ಡಿಎಫ್ -ಎಚ್’, ‘ಡಿಯು’ ಬಳಸಿ ಹುಡುಕಿ ಅಳಿಸಿ. ಆದರೆ ಯಾವುದೋ ಪ್ರೋಗ್ರಾಂ ತೆರೆದಿಟ್ಟುಕೊಂಡ ಲಾಗ್ ಫೈಲನ್ನು ಅಳಿಸಿದರೆ ಫೈಲ್ ಕಣ್ಣಿಗೆ ಕಾಣುವುದಿಲ್ಲ, ಜಾಗವೂ ಮರಳಿ ಬರುವುದಿಲ್ಲ! ಆ ಪ್ರೋಗ್ರಾಂ ಅದನ್ನು ಬಿಡುವವರೆಗೆ ಜಾಗ ಹಿಡಿದಿರುತ್ತದೆ. ‘ಎಲ್‌ಎಸ್‌ಓಎಫ್ +ಎಲ್1’ ಅದನ್ನು ತೋರಿಸುತ್ತದೆ, ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಬಿಡುಗಡೆ.

ನೆಟ್‌ವರ್ಕಿಗೆ, ಪರದೆಯ ಮೇಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋ ಪ್ಯಾಕೆಟ್ ಟ್ರೇಸರ್ ಸಾಕು, ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಉಚಿತ. ಎರಡು ಸ್ವಿಚ್, ಒಂದು ರೂಟರ್, ಎರಡು ವಿಎಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಜೋಡಿಸಿ ಪಿಂಗ್ ಮಾಡಿಸಿದರೆ ಈ ಹಂತಕ್ಕೆ ಬೇಕಾದದ್ದು ಬಂದಂತೆ. ಸಬ್‌ನೆಟ್ (ನೆಟ್‌ವರ್ಕಿನ ತುಂಡು) ಲೆಕ್ಕದಲ್ಲಿ /24ಕ್ಕೆ 254, /26ಕ್ಕೆ 62 ಯಂತ್ರ ಎಂಬಷ್ಟು ಬಾಯಲ್ಲಿರಲಿ. 22, 53, 80, 443, 445, 3389 ಈ ಪೋರ್ಟುಗಳು ಯಾವುದಕ್ಕೆ ಎಂಬುದೂ.

ಸರ್ಟಿಫಿಕೇಟ್ ಬೇಕೇ

ಒಂದಿದ್ದರೆ ಒಳ್ಳೆಯದು, ಐದು ಬೇಕಿಲ್ಲ. ಕಾಂಪ್‌ಟಿಯಾ ಎ+ ಎರಡು ಪರೀಕ್ಷೆಗಳ ಸರ್ಟಿಫಿಕೇಟ್ (220-1201 ಮತ್ತು 220-1202), ಎರಡನ್ನೂ ಪಾಸಾಗಬೇಕು, ಶುಲ್ಕವೂ ಹೊಸಬರಿಗೆ ಭಾರ. ಅದರ ಪಠ್ಯಕ್ರಮವನ್ನು ಉಚಿತವಾಗಿ ಇಳಿಸಿಕೊಂಡು, ಯಾವುದು ಗೊತ್ತಿದೆ, ಯಾವುದು ಇಲ್ಲ ಎಂದು ಗುರುತು ಹಾಕಿಕೊಳ್ಳುವ ನಕ್ಷೆಯಾಗಿ ಬಳಸಿ. ಪರೀಕ್ಷೆ ಬರೆಯುವುದು ಕೆಲಸ ಸಿಕ್ಕ ಮೇಲೂ ಆಗುತ್ತದೆ. ಹಣ ಹಾಕಲೇಬೇಕು ಎಂದಿದ್ದರೆ, ಮುಂದೆ ನೆಟ್‌ವರ್ಕ್ ಕಡೆ ಹೋಗುವ ಮನಸ್ಸಿರುವವರಿಗೆ ಸಿಸ್ಕೋದ ನೆಟ್‌ವರ್ಕ್ ಸರ್ಟಿಫಿಕೇಟ್ ಸಿಸಿಎನ್‌ಎ ಹೆಚ್ಚು ತೂಕದ್ದು, ಓದು ಮಾತ್ರ ಗಟ್ಟಿಯಾಗಿರಬೇಕು. ಪ್ರಶ್ನೆ ಪತ್ರಿಕೆಯ ಡಂಪ್ (ಸೋರಿಕೆಯಾದ ಪ್ರಶ್ನೋತ್ತರ) ಬಾಯಿಪಾಠ ಮಾಡಿ ಪಾಸಾದವರು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಸಾವಿರಾರು ರೂಪಾಯಿ ಕಟ್ಟಿಸಿಕೊಂಡು ‘100 ಪರ್ಸೆಂಟ್ ಪ್ಲೇಸ್‌ಮೆಂಟ್’ ಎನ್ನುವ ಇನ್‌ಸ್ಟಿಟ್ಯೂಟಿಗೆ ಹೋಗುವ ಮುಂಚೆ, ಅದೇ ಹಣದಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಬರುತ್ತದೆ ಎಂಬುದನ್ನು ನೆನಪಿಡಿ.

ಇಂಗ್ಲಿಷ್ ಮಾತು

ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯುವುದು ಇಲ್ಲಿಯೇ, ಆದರೆ ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಸಮುದ್ರವಲ್ಲ, ಕೆರೆ. ಕರೆ ಶುರು ಮಾಡುವುದು, ಹೆಸರು ಮತ್ತು ಎಂಪ್ಲಾಯಿ ಐಡಿ ಕೇಳುವುದು, ಸಮಸ್ಯೆಯನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ ಹೌದೇ ಎಂದು ಕೇಳುವುದು, ಹೋಲ್ಡ್‌ನಲ್ಲಿಡುವುದು, ಪರದೆ ಶೇರ್ ಮಾಡಿಸುವುದು, ಇನ್ನೊಂದು ತಂಡಕ್ಕೆ ಕಳಿಸುತ್ತಿದ್ದೇನೆ ಎನ್ನುವುದು, ಮುಗಿಸುವುದು. ಇವಕ್ಕೆಲ್ಲ ಸೇರಿ ನಲವತ್ತು ವಾಕ್ಯ ಆದೀತು. ‘ಮೇ ಐ ಪ್ಲೇಸ್ ಯು ಆನ್ ಹೋಲ್ಡ್ ಫಾರ್ ಟೂ ಮಿನಿಟ್ಸ್?’ ಎಂಬಂಥವನ್ನು ಬರೆದುಕೊಂಡು, ಗೆಳೆಯರಿಂದ ನಿಜವಾಗಿಯೇ ಫೋನ್ ಮಾಡಿಸಿ, ರೆಕಾರ್ಡ್ ಮಾಡಿ ಕೇಳಿ. ಮುಖ ಕಾಣದ ಫೋನಿನಲ್ಲಿ ಮಾತಾಡುವುದು ಎದುರಿಗೆ ಕೂತು ಮಾತಾಡುವುದಕ್ಕಿಂತ ಕಷ್ಟ, ಹಾಗಾಗಿ ಫೋನಿನಲ್ಲೇ ಅಭ್ಯಾಸ ಮಾಡಿ. ಅರ್ಥವಾಗದಿದ್ದರೆ ಸುಮ್ಮನಿರಬೇಡಿ, ಮತ್ತೊಮ್ಮೆ ಹೇಳಿ ಎಂದು ಕೇಳುವುದು ತಪ್ಪಲ್ಲ. ಊಹೆಯ ಮೇಲೆ ಏನನ್ನೋ ಮಾಡಿಬಿಡುವುದು ತಪ್ಪು.

ಅರ್ಜಿ, ಮತ್ತು ಮೋಸಗಳು

ರೆಸ್ಯೂಮೆ ಒಂದೇ ಪುಟ. ಓದು ಕೆಳಗೆ ಹೋಗಲಿ, ಲ್ಯಾಬ್ ಮೇಲೆ ಬರಲಿ. ‘ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್’ ಎಂಬುದರ ಜಾಗದಲ್ಲಿ ‘ಸರ್ವರ್ 2022ರಲ್ಲಿ ಡೊಮೈನ್ ಕಟ್ಟಿ, 15 ಬಳಕೆದಾರರನ್ನು ಪವರ್‌ಶೆಲ್‌ನಿಂದ ಸೃಷ್ಟಿಸಿ, 35 ದೋಷಗಳನ್ನು ಸರಿಪಡಿಸಿ ದಾಖಲಿಸಿದ್ದೇನೆ’ ಎಂದು ನೀವು ನಿಜವಾಗಿ ಮಾಡಿದ ಸಂಖ್ಯೆಯನ್ನೇ ಬರೆಯಿರಿ. ಇದನ್ನು ಮನೆಯ ಲ್ಯಾಬ್ ಎಂದು ಸ್ಪಷ್ಟವಾಗಿ ಹೇಳಿ. ಟಿಕೆಟುಗಳಲ್ಲಿ ಒಳ್ಳೆಯ ಹತ್ತನ್ನು ಗಿಟ್‌ಹಬ್‌ನಲ್ಲೋ ಗೂಗಲ್ ಡಾಕ್‌ನಲ್ಲೋ ಇಟ್ಟು ಕೊಂಡಿ ಕೊಡಿ.

ಎರಡು ವರ್ಷದ ಅನುಭವ ಇದೆ ಎಂದು ಸುಳ್ಳು ಪತ್ರ ಮಾಡಿಕೊಡುವ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿ ಇವೆ. ದಯವಿಟ್ಟು ಆ ಬಲೆಗೆ ಬೀಳಬೇಡಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಯುಎಎನ್ (ಪಿಎಫ್ ಖಾತೆದಾರರ ಗುರುತು) ಸಂಖ್ಯೆ ಹಿಡಿದು ಯಾವ ಕಂಪನಿ ಎಂದಿನಿಂದ ಎಂದಿನವರೆಗೆ ಪಿಎಫ್ ಕಟ್ಟಿದೆ ಎಂದು ನೋಡುತ್ತಾರೆ. ಸೇರಿ ಮೂರು ತಿಂಗಳಾದ ಮೇಲೂ ಹೊರಹಾಕುತ್ತಾರೆ, ಆಮೇಲೆ ಆ ಕಂಪನಿಯ ಬಾಗಿಲು ಮುಚ್ಚಿದಂತೆಯೇ. ಪದವಿ ಅಥವಾ ಡಿಪ್ಲೊಮಾ ಹೊಸದಾಗಿ ಮುಗಿಸಿದವರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್ ಅವಕಾಶಗಳಿವೆ, ಅದು ನಿಜವಾದ ಅನುಭವ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಎರಡು ತಿಂಗಳು ಕೂತು ರ‍್ಯಾಮ್ ಬದಲಿಸಿ, ಕ್ರಿಂಪಿಂಗ್ ಟೂಲ್ ಹಿಡಿದು ನೆಟ್‌ವರ್ಕ್ ಕೇಬಲಿನ ತುದಿಗೆ ಆರ್‌ಜೆ45 ಹಾಕಿದ್ದರೂ ಅದನ್ನು ರೆಸ್ಯೂಮೆಯಲ್ಲಿ ಧೈರ್ಯವಾಗಿ ಬರೆಯಬಹುದು.

ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಪ್ರೊಫೈಲ್ ಮಾಡಿ. ‘ಫ್ರೆಶರ್’ ಎಂದಷ್ಟೇ ಹುಡುಕದೆ ಮೊದಲು ಹೇಳಿದ ಹುದ್ದೆಗಳ ಹೆಸರು ಹಾಕಿ ಹುಡುಕಿ. ಕೆಲಸ ದೊಡ್ಡ ಕಂಪನಿಯ ಆವರಣದಲ್ಲಿದ್ದರೂ ಸಂಬಳ ಬೇರೊಂದು ವೆಂಡರ್ ಕೊಡುವುದು ಈ ಕ್ಷೇತ್ರದಲ್ಲಿ ಮಾಮೂಲು. ಪಿಎಫ್ ಇದೆಯೇ, ರಾತ್ರಿ ಪಾಳಿಗೆ ಕ್ಯಾಬ್ ಇದೆಯೇ, ಕಾಂಟ್ರ್ಯಾಕ್ಟ್ ಎಷ್ಟು ತಿಂಗಳದ್ದು ಎಂದು ಮೊದಲೇ ಕೇಳಿ. ಕೆಲಸ ಕೊಡಲು ಹಣ ಕೇಳಿದರೆ, ಅದನ್ನು ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೇನಿಂಗ್ ಫೀ ಏನೆಂದು ಕರೆದರೂ, ಅಲ್ಲಿಂದ ಎದ್ದು ಬನ್ನಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಯಾರ ಬಳಿಯೂ ಬಿಟ್ಟು ಬರಬೇಡಿ.

ಸಂದರ್ಶನದಲ್ಲಿ ‘ಒಬ್ಬರಿಗೆ ಲಾಗಿನ್ ಆಗುತ್ತಿಲ್ಲ, ಏನು ಮಾಡುತ್ತೀರಿ?’ ಎಂದು ಕೇಳಿದರೆ ನೇರವಾಗಿ ಪರಿಹಾರಕ್ಕೆ ಹಾರಬೇಡಿ. ಪರದೆಯ ಮೇಲೆ ಏನು ಸಂದೇಶ ಬರುತ್ತಿದೆ, ಅವರೊಬ್ಬರಿಗೋ ಎಲ್ಲರಿಗೋ, ಎಂದಿನಿಂದ, ಆಫೀಸಿನಿಂದಲೋ ಮನೆಯಿಂದಲೋ ಎಂದು ಮೊದಲು ತಿರುಗಿ ಕೇಳಿ. ಅವರು ನೋಡುತ್ತಿರುವುದು ಅದನ್ನೇ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಆದರೆ ಈ ಲಾಗ್‌ನಲ್ಲಿ ಹುಡುಕುತ್ತೇನೆ’ ಎನ್ನಿ. ಹೊರಗೆ ಬಂದ ಕೂಡಲೇ, ಬಸ್ ಹತ್ತುವ ಮುಂಚೆಯೇ, ಉತ್ತರ ಬಾರದ ಪ್ರಶ್ನೆಗಳನ್ನು ಫೋನಿನಲ್ಲಿ ಬರೆದುಕೊಳ್ಳಿ. ಅಂದು ರಾತ್ರಿಯೇ ಲ್ಯಾಬ್ ತೆರೆದು ಅದೇ ತೊಂದರೆಯನ್ನು ಹುಟ್ಟಿಸಿ, ಸರಿಮಾಡಿ, ಟಿಕೆಟ್ ಬರೆದು ಮಲಗಿ. ಮುಂದಿನ ಸಂದರ್ಶನದಲ್ಲಿ ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಬರುತ್ತದೆ.